ಖಾಲಿ ಬಿಟ್ಟ ಬಲಮೂಲೆ

ಊರಿನ ಅಂಗಡಿಗಳಿಗೆಲ್ಲ ಹೆಸರು ಬರೆಯುತ್ತಿದ್ದವನಿಗೆ ಜನ ಇಟ್ಟ ಹೆಸರು ಬೋರ್ಡಣ್ಣ. ಇಪ್ಪತ್ತಾರು ವರ್ಷದಿಂದ ಅದೇ ಕಸುಬು. ತಗಡನ್ನು ಉಜ್ಜುಕಾಗದದಿಂದ ತಿಕ್ಕಿ, ಎರಡು ಕೋಟು ಪ್ರೈಮರ್ ಬಳಿದು, ಸುಣ್ಣದ ದಾರ ಮಿಡಿದು ಗೆರೆ ಹಾಕಿದ ಮೇಲೇ ಬ್ರಷ್ ಮುಟ್ಟುತ್ತಿದ್ದ. ಎಲ್ಲ ಮುಗಿದ ಮೇಲೆ ಬಲಗಡೆಯ ಕೆಳಮೂಲೆಯಲ್ಲಿ, ಕೆಂಪು ಬಣ್ಣದಲ್ಲಿ, ತನ್ನ ರುಜು. ಮೊದಲು ಅದು ಎರಡು ಬೆರಳಗಲವಿತ್ತು. ಹೆಸರು ಬಂದಂತೆ ನಾಲ್ಕು ಬೆರಳಗಲವಾಯಿತು. "ಅಂಗಡಿ ಇಟ್ಟಿರೋದು ನಾನೋ ನೀನೋ ಮಾರಾಯ?" ಎಂದು ಔಷಧಿ ಅಂಗಡಿಯವನು ರೇಗಿಸಿದ್ದ.

ನಲವತ್ತೆರಡನೇ ವಯಸ್ಸಿನಲ್ಲಿ ಪ್ರಾರ್ಥನಾ ಮಂದಿರದ ಕಿಟಕಿಗಳಿಗೆ ಬಣ್ಣ ಬಳಿಯಲು ಹೋದವನು, ಏಣಿಯ ಮೇಲೆ ಕೂತೇ ಒಳಗಿನ ಮಾತು ಕೇಳಿಸಿಕೊಂಡ. ತನ್ನನ್ನು ತಾನು ಬಿಟ್ಟುಕೊಟ್ಟು ಯೇಸುವಿನ ಹಿಂದೆ ನಡೆಯುವ ಮಾತು. ಮೂರು ದಿನದ ಕೆಲಸವನ್ನು ಎಂಟು ದಿನ ಎಳೆದ. ಆರು ತಿಂಗಳಿಗೆ ದೀಕ್ಷಾಸ್ನಾನವೂ ಆಯಿತು. ನೀರಿನಿಂದ ಮೇಲೆದ್ದವನು ಹೊಸ ಮನುಷ್ಯನಾದರೆ ಹಳೆಯವನದ್ದು ಏನನ್ನು ಬಿಡಬೇಕು? ಒಂದು ವಾರ ಯೋಚಿಸಿ, ರುಜು ಹಾಕುವುದನ್ನು ಬಿಟ್ಟ.

"ದೇವರಿಗೆ ಆ ಮೂಲೆ ಒಂದೇ ಸಾಕಾ? ನಿಮ್ಮ ಕೋಪಾನೂ ಕೊಟ್ಟುಬಿಡಿ, ನಾವೂ ಬದುಕಿಕೊಳ್ತೀವಿ" ಎಂದಳು ಹೆಂಡತಿ.

ಮೂರು ವರ್ಷದ ಮೇಲೆ ಅದೇ ಮಂದಿರಕ್ಕೆ ಹೊಸ ಬೋರ್ಡು ಬೇಕಾಯಿತು. ಕೆಲಸ ಹಿಡಿದು ತಂದವನು ತಮ್ಮ. ಅವನಿಗೆ ಬ್ರಷ್ ಹಿಡಿಯಲು ಕಲಿಸಿದವನೂ, ಕೈಹಿಡಿದು ಮಂದಿರಕ್ಕೆ ಕರೆತಂದವನೂ ಬೋರ್ಡಣ್ಣನೇ. ಮಂಡಿನೋವು ಬಂದ ಮೇಲೆ ಅಣ್ಣ ಕೂತು ಬರೆಯುವುದು, ತಮ್ಮ ಹೊತ್ತೊಯ್ದು ಏಣಿ ಹತ್ತಿ ಕೂರಿಸುವುದು ಎಂದಾಗಿತ್ತು. ಮಂದಿರದ ಬೋರ್ಡಿಗೆ ಬೋರ್ಡಣ್ಣ ಒಂಬತ್ತು ದಿನ ತೆಗೆದುಕೊಂಡ. ಶನಿವಾರ ತಮ್ಮ ಒಯ್ದು ಕೂರಿಸಿದ.

ಭಾನುವಾರ ಬೆಳಿಗ್ಗೆ ತಲೆಯೆತ್ತಿ ನೋಡಿದರೆ, ಬಲಮೂಲೆಯಲ್ಲಿ ಕೆಂಪಗೆ ತಮ್ಮನ ಹೆಸರು. ಬಾಗಿಲಲ್ಲಿ ಹೊಸದಾಗಿ ಬಂದಿದ್ದ ಪಾಸ್ಟರ್ ತಮ್ಮನ ಕೈ ಕುಲುಕುತ್ತಿದ್ದರು. "ನಿಮ್ಮ ಕೈಗೆ ದೇವರು ಒಳ್ಳೇ ವರ ಕೊಟ್ಟಿದ್ದಾನೆ." ತಮ್ಮ ತಲೆ ತಗ್ಗಿಸಿ ನಕ್ಕ. ಬರೆದವನು ನಾನಲ್ಲ ಎನ್ನಲಿಲ್ಲ.

ಆರಾಧನೆ ಮುಗಿದ ಮೇಲೆ ಬೋರ್ಡಣ್ಣ ಹಿಂದಿನ ನಲ್ಲಿಯ ಹತ್ತಿರ ಅವನನ್ನು ನಿಲ್ಲಿಸಿದ. "ಏನೋ ಇದು?"

"ನೀನೇ ಬೇಡ ಅಂದ್ಯಲ್ಲ ಅಣ್ಣಾ. ಮೂರು ವರ್ಷದಿಂದ ಖಾಲಿ ಬಿಡ್ತಿದ್ದೀಯ. ಬರೆದೋರು ಯಾರು ಅಂತ ಜನ ಕೇಳಿದ್ರೆ ಏನಂತ ಹೇಳ್ಲಿ?"

"ಮೂರು ವರ್ಷದಿಂದ?"

ತಮ್ಮ ನಾಲಿಗೆ ಕಚ್ಚಿಕೊಂಡ.

ಸೋಮವಾರ ಬೋರ್ಡಣ್ಣ ಬೀದಿ ಬೀದಿ ಸುತ್ತಿದ. ದೀಕ್ಷಾಸ್ನಾನದ ನಂತರ ತಾನು ಬರೆದದ್ದನ್ನು ತಾನೇ ನೋಡಿ ಹಿಗ್ಗಬಾರದೆಂದು ಆ ಬೋರ್ಡುಗಳ ಕೆಳಗೆ ತಲೆ ಬಗ್ಗಿಸಿಕೊಂಡೇ ನಡೆದಿದ್ದ. ಈಗ ಒಂದೊಂದನ್ನೇ ನೋಡಿದ. ಕನ್ನಡಕದ ಅಂಗಡಿ, ಹೊಲಿಗೆ ತರಬೇತಿ, ಸೈಕಲ್ ರಿಪೇರಿ. ಒಟ್ಟು ಹದಿನಾಲ್ಕು. ಹದಿನಾಲ್ಕರಲ್ಲೂ ತಮ್ಮನ ಹೆಸರು. ದೇವರಿಗೆಂದು ಬಿಟ್ಟ ಜಾಗದಲ್ಲಿ ಒಡಹುಟ್ಟಿದವನು ಹಾಯಾಗಿ ಬಂದು ಕೂತಿದ್ದ.

ಮಧ್ಯಾಹ್ನ ಏಣಿ, ಬ್ಲೇಡು, ಟರ್ಪೆಂಟೈನ್ ಚಿಂದಿ, ಬ್ರಷ್, ಕೆಂಪು ಬಣ್ಣದ ಡಬ್ಬಿ ಹಿಡಿದು ಮಂದಿರದ ಮುಂದೆ ನಿಂತ. ಕೆರೆದು ಹಾಕಿ, ತನ್ನ ಹೆಸರನ್ನು ನಾಲ್ಕು ಬೆರಳಗಲ ಬರೆದುಬಿಡುವುದು, ನೋಡುವವರೆಲ್ಲ ನೋಡಲಿ. ಮಂಡಿ ಚುರುಕ್ಕೆನ್ನುತ್ತಿದ್ದರೂ ಹತ್ತಿದ. ಬ್ಲೇಡು ಇಡುವಾಗ ಕೈ ತಡೆಯಿತು. ಸುಳ್ಳು ಅಳಿಸುವುದಕ್ಕಷ್ಟೇ ಬಂದಿದ್ದರೆ ಕೆಂಪು ಡಬ್ಬಿ ಏಕೆ ತಂದೆ? ಒಳಗಿನ ಹಳೆಯ ಮನುಷ್ಯ ಸತ್ತಿರಲಿಲ್ಲ. ಯಾರಾದರೂ ಬಂದು, ಇದು ನಿನ್ನದೇ ಅಲ್ಲವಾ ಎಂದು ಕೇಳಲಿ ಅಂತ ಮೂರು ವರ್ಷ ಕಾದು ಕೂತಿದ್ದ.

ಏಣಿ ಅಲುಗಿತು. ಕೆಳಗೆ ತಮ್ಮ, ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತಿದ್ದ.

"ಅಳಿಸ್ತೀಯಾ ಅಣ್ಣಾ?"

ತಮ್ಮನ ಹೆಸರಿನ ಕೊನೆಯ ಅಕ್ಷರದ ಬಾಲದಿಂದ ಬಣ್ಣ ಇಳಿದು ಗಟ್ಟಿಯಾಗಿತ್ತು. "ಬ್ರಷ್ ಹಿಂಡಿ ಬರಿ ಅಂತ ಎಷ್ಟು ಸಲ ಹೇಳಿದ್ದೆ?" ಎಂದ ಬೋರ್ಡಣ್ಣ. ಸೋರಿದ ಗೆರೆಯನ್ನಷ್ಟೇ ಬ್ಲೇಡಿನಿಂದ ಕೆರೆದ. ಬಾಲವನ್ನು ಕೆಂಪು ಬಣ್ಣದಲ್ಲಿ ಸರಿಯಾಗಿ ತಿರುಗಿಸಿದ.

"ಪಾಸ್ಟರ್‌ಗೆ ನಾನೇ ಹೇಳ್ತೀನಿ" ಎಂದ ತಮ್ಮ, ನೆಲ ನೋಡುತ್ತ.

"ಹೇಳು, ಬಿಡು. ನಿನ್ನಿಷ್ಟ." ತಮ್ಮ ಚಾಚಿದ ಕೈ ಹಿಡಿಯದೆ, ಒಂದೊಂದೇ ಮೆಟ್ಟಿಲು ತಾನೇ ಇಳಿದ.

ಮನೆಯಲ್ಲಿ ಹೆಂಡತಿ ಕೇಳಿದಳು: "ಅಳಿಸಿ ಬಂದ್ರಾ?"

"ತಿದ್ದಿ ಬಂದೆ."

"ಕೋಪ?"

"ಅದು ಇನ್ನೂ ಹಸಿ ಇದೆ" ಎಂದು ಬ್ರಷ್ ತೊಳೆಯಲು ಕೂತ.