ಕೆಂಪು ಬೋರ್ಡಿನ ಎಲೆಕ್ಟ್ರಿಷಿಯನ್

ಪೀಣ್ಯದ ನಮ್ಮ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಕಿವಿಯ ಮೇಲೆ ಸದಾ ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಿದ್ದರು. ಬಾಯಲ್ಲಿ ಒಂದೇ ಮಾತು: “ಮೊದ್ಲು ಬೋರ್ಡ್ ಓದಪ್ಪಾ.”

ಒಂದು ಬೇಸಿಗೆಯಲ್ಲಿ ಶೆಡ್ಡಿನ ಎಕ್ಸಾಸ್ಟ್ ಫ್ಯಾನಿನೊಳಗೆ ಮೈನಾ ಗೂಡು ಕಟ್ಟಿ ಮರಿ ಮಾಡಿತು. ಅವರು ಫ್ಯಾನಿನ ಸ್ವಿಚ್ಚಿಗೆ ‘ಕೆಲಸ ನಡೆಯುತ್ತಿದೆ, ಹಾಕಬೇಡಿ’ ಎಂಬ ಕೆಂಪು ಬೋರ್ಡ್ ತೂಗುಹಾಕಿದರು. ಸೆಕೆ ತಾಳಲಾರದೆ ನಾನು ಸ್ವಿಚ್ಚಿಗೆ ಕೈ ಹಾಕಿದೆ.

“ನಮ್ಮನೇಲಿ ಮೊದಲ್ನೇ ಡಿಗ್ರಿ ನಂದೇ ಅಂತೀಯ, ಬೋರ್ಡ್ ಓದೋಕೆ ಬರಲ್ವಾ?” ಎಂದು ಎಲೆಕ್ಟ್ರಿಷಿಯನ್ ಗದರಿದರು.

ಬೆವರು ಒರೆಸಿಕೊಳ್ಳುತ್ತ ಬಂದ ಮ್ಯಾನೇಜರು, “ಯಾರ್ರೀ ಕೆಲಸ ಮಾಡ್ತಿರೋದು?” ಎಂದರು.

ಹುಳ ಕಚ್ಚಿಕೊಂಡು ಬಂದ ತಾಯಿಹಕ್ಕಿಯನ್ನು ತೋರಿಸಿ ಎಲೆಕ್ಟ್ರಿಷಿಯನ್, “ಅವಳೇ ಸಾರ್. ಓವರ್‌ಟೈಮೂ ಕೇಳಲ್ಲ” ಎಂದರು. ಮ್ಯಾನೇಜರೂ ನಕ್ಕುಬಿಟ್ಟರು.

ಮರಿಗಳು ಹಾರಿಹೋದ ಮೇಲೆ ಫ್ಯಾನ್ ತಿರುಗಿತು, ಸೆಕೆ ಇಳಿಯಿತು. ದಿನಾ ಬಂದು ಗೂಡು ನೋಡುತ್ತಿದ್ದ ಮ್ಯಾನೇಜರು ಮಾತ್ರ ಸಪ್ಪಗಾಗಿ, “ಮುಂದಿನ ಬೇಸಿಗೆಗೂ ಬರ್ತವೇನ್ರೀ?” ಎಂದರು.

ಎಲೆಕ್ಟ್ರಿಷಿಯನ್ ಕೆಂಪು ಬೋರ್ಡನ್ನು ಒರೆಸಿ ಜೋಪಾನವಾಗಿ ಎತ್ತಿಟ್ಟರು.