ತೆರೆದೇ ಉಳಿದ ಬಕೆಟ್ಟು

ಸಂಶೋಧನಾಲಯದವರೆಲ್ಲ ಅವಳನ್ನು ಮುಚ್ಚಳದಕ್ಕ ಎನ್ನುತ್ತಿದ್ದರು. ಬೆಟ್ಟದ ಕಾಡಿನಲ್ಲಿ ಬಕೆಟ್ಟುಗಳನ್ನು ನೆಲಮಟ್ಟಕ್ಕೆ ಹೂತು, ಒಳಗೆ ಬಿದ್ದ ಸುಂಡಿಲಿ, ಕಪ್ಪೆ, ಹಲ್ಲಿಗಳನ್ನು ಬೆಳಗಾಗುತ್ತಲೇ ಎತ್ತಿ ಪ್ರೊಫೆಸರಿಗೆ ತೋರಿಸುವುದು ಅವಳ ಕೆಲಸ. ಬೇಡವಾದದ್ದನ್ನು ಅಲ್ಲೇ ಬಿಟ್ಟುಬಿಡುತ್ತಿದ್ದರು. ವರ್ಷಕ್ಕೆ ಕೆಲವೇ ದಿನದ ಈ ಕೆಲಸ ಮುಗಿಸಿ ಬೆಟ್ಟ ಇಳಿಯುವ ಮುಂಚೆ, ಹೂತಲ್ಲೇ ಉಳಿಯುವ ಪ್ರತಿ ಬಕೆಟ್ಟಿಗೂ ಮುಚ್ಚಳ ಬೀಳಲೇಬೇಕು. ಇಲ್ಲದಿದ್ದರೆ ಬಿದ್ದ ಜೀವ ಹತ್ತಲಾರದೆ ಹಸಿದು ಸಾಯುತ್ತದೆ. ಹೊಸಬರು ಇದನ್ನು ಮರೆತರೆ ಅವಳು ಅವರ ಜನ್ಮ ಜಾಲಾಡುತ್ತಿದ್ದಳು. ಮನೆಯಲ್ಲೂ ಅದೇ ಗೋಳು: ಹಾಲಿನ ಪಾತ್ರೆ, ಸಕ್ಕರೆ ಡಬ್ಬ, ಯಾವುದೂ ತೆರೆದಿರಕೂಡದು.

"ಎಲ್ಲಕ್ಕೂ ಮುಚ್ಚಳ ಸಿಕ್ತು, ನಿನ್ನ ಬಾಯಿಗೊಂದು ಸಿಗ್ಲಿಲ್ವಲ್ಲೇ," ಎಂದು ಗಂಡ ರೇಗಿಸುತ್ತಿದ್ದ.

ಹೋದ ವರ್ಷ ಕೆಲಸದ ಕೊನೆಯ ದಿನ ಅವಳು ಮುಚ್ಚಳ ಹಾಕುತ್ತಿದ್ದಾಗಲೇ ಫೋನು ಬಂತು. ಮಗಳಿಗೆ ದಿನ ತುಂಬುವ ಮೊದಲೇ ನೋವು. ಬಿದ್ದೆನೋ ಎದ್ದೆನೋ ಎಂದು ಇಳಿದು ಬಂದು, "ಎಲ್ಲ ಮುಚ್ಚಿದೀನಿ ಸಾರ್," ಎಂದಳು. ಹಾಗೆಂದೇ ನಂಬಿದ್ದಳು. ಆತುರಗಾರರಿಗೆ ಬುದ್ಧಿ ಮಟ್ಟ ಎನ್ನುತ್ತಾರೆ ನಿಜ, ಆದರೆ ಆ ಗಳಿಗೆಯಲ್ಲಿ ಯಾವ ತಾಯಿಗೆ ಬುದ್ಧಿ ನೆಟ್ಟಗಿರುತ್ತದೆ? ಮೊಮ್ಮಗಳನ್ನು ಎತ್ತಿಕೊಂಡ ಮೇಲಂತೂ ಕಾಡಿನ ನೆನಪೇ ಆಗಲಿಲ್ಲ.

ಈ ವರ್ಷ ಹತ್ತಿ ನೋಡಿದರೆ ತೊರೆಯಾಚೆಯ ಬಕೆಟ್ಟು ತೆರೆದುಕೊಂಡಿದೆ.

"ಹಂದಿ ಕಿತ್ತು ಹಾಕಿರುತ್ತೆ ಬಿಡು," ಎಂದರು ಪ್ರೊಫೆಸರು.

ಅವಳೂ ಹಾಗೇ ಅಂದುಕೊಳ್ಳಲು ನೋಡಿದಳು. ಆದರೆ ಮುಚ್ಚಳ ಮರದ ಬುಡದಲ್ಲಿತ್ತು, ಹೋದ ವರ್ಷ ಬಕೆಟ್ಟು ತೆರೆದಾಗ ಗಾಳಿಗೆ ಹಾರದಿರಲೆಂದು ಅವಳೇ ಹೇರಿದ್ದ ಕಲ್ಲಿನಡಿಯಲ್ಲಿ. ಅವಳು ಬಕೆಟ್ಟಿನೊಳಕ್ಕೆ ಬಗ್ಗಿದಳು.

ಒಳಗಿನ ಎಲೆ ಸರಿಸಿದಾಗ ಒಂದು ದೊಡ್ಡ ಸುಂಡಿಲಿಯ ಎಲುಬು, ಪಕ್ಕದಲ್ಲೇ ನಾಲ್ಕು ಪುಟ್ಟವು. ಸುಂಡಿಲಿಯ ಮರಿಗಳು ತಾಯಿಯ ಬಾಲ ಕಚ್ಚಿಕೊಂಡು ಸಾಲಾಗಿ ನಡೆಯುತ್ತವೆ. ತಾಯಿ ಬಿದ್ದದ್ದೇ ಅವೂ ಬಿದ್ದಿರಬೇಕು. ಅಯ್ಯೋ, ಬಾಣಂತಿ ಎಂದುಕೊಂಡಳು.

ಪ್ರೊಫೆಸರು ಭೂತಗನ್ನಡಿ ಹಿಡಿದು ತಲೆಬುರುಡೆಯ ಹಲ್ಲು ನೋಡಿದರು. ತಿರುಗಿಸಿ ಮತ್ತೆ ನೋಡಿದರು. "ಇಷ್ಟು ವರ್ಷ ನಾನು ಹುಡುಕಿದ್ದು ಇದನ್ನೇ ಕಣಮ್ಮಾ! ಈ ಜಾತಿ ಇದುವರೆಗೂ ಯಾರಿಗೂ ಸಿಕ್ಕಿಲ್ಲ!"

"ಹಂದಿ ಅಲ್ಲ ಸಾರ್. ನಾನು ಮುಚ್ಚೇ ಇರ್ಲಿಲ್ಲ."

ಬೈಯಲಿ, ಕೆಲಸ ಹೋದರೂ ಹೋಗಲಿ ಎಂದು ತಲೆ ತಗ್ಗಿಸಿ ನಿಂತಳು.

"ಮುಚ್ಚದೇ ಇದ್ದದ್ದೇ ಪುಣ್ಯ!" ಅವರು ನಕ್ಕರು. "ಒಂದೆರಡು ದಿನಕ್ಕೆ ಬೀಳೋ ಪ್ರಾಣಿ ಅಲ್ಲ ಇದು. ಈ ಸಲಾನೂ ಇದೊಂದನ್ನ ತೆರೆದೇ ಬಿಟ್ಟು ಹೋಗೋಣ. ಯಾರಿಗ್ ಗೊತ್ತಾಗುತ್ತೆ?"

ಅವಳಿಗೆ ಸಿಡಿಲು ಬಡಿದಂತಾಯಿತು. ಬೈಗುಳಕ್ಕೆ ಸಿದ್ಧಳಾಗಿದ್ದಳು, ಶಾಭಾಸ್‌ಗಿರಿಗಲ್ಲ. ತನ್ನ ಮರೆವು ಇನ್ನು ಮುಂದೆ ಕೆಲಸದ ರೀತಿಯೇ ಆಗಿಬಿಡುತ್ತದೆ.

ಅವರು ಎಲುಬುಗಳನ್ನು ಹತ್ತಿಯಲ್ಲಿ ಸುತ್ತಿ ಚೀಲಕ್ಕೆ ಹಾಕುವವರೆಗೂ ಕಾದಳು. ಆಮೇಲೆ ಮಂಡಿಯೂರಿ, ಬೊಗಸೆ ಬೊಗಸೆ ಮಣ್ಣು ಬಾಚಿ ಬಕೆಟ್ಟಿಗೆ ಸುರಿಯತೊಡಗಿದಳು.

"ಏಯ್, ಏನ್ ಮಾಡ್ತಿದ್ದೀಯ? ತಲೆ ಕೆಟ್ಟಿದೆಯಾ?"

ಅವರು ಕೂಗುತ್ತಲೇ ಇದ್ದರು. ಅವಳು ಅಂಚಿನ ತನಕ ತುಂಬಿದಳು, ಮೇಲೆ ಹತ್ತಿ ನಿಂತು, ಅಳುತ್ತ ತುಳಿದಳು.