ಅಂಚಿನ ಪೊಳ್ಳು

ನಾನು ಫೈಬರ್ ಅಂಟಿನ ಕೆಲಸ ಕಲಿತದ್ದು ಕುಂದಾಪುರದ ಹೊಳೆಬದಿಯ ಒಂದು ದೋಣಿ ಕೊಟ್ಟಿಗೆಯಲ್ಲಿ. ಅಲ್ಲಿನ ಮೇಸ್ತ್ರಿ ಒಣಗಿದ ಅಂಟಿನ ಮೇಲೆ ನಾಣ್ಯದಿಂದ ಬಡಿದು ಕಿವಿ ಕೊಡುತ್ತಿದ್ದರು. ಟಣ್ ಎಂದರೆ ಅಂಟು ಹಿಡಿದಿದೆ, ಡಬ್ ಎಂದರೆ ಒಳಗೆ ಪೊಳ್ಳು.

"ನಡು ಪೊಳ್ಳಾರೆ ಹೆದ್ರೂದ್ ಬ್ಯಾಡ. ಅಂಚಂಗೆ ಪೊಳ್ಳಾರೆ ನಿದ್ರಿ ಬಿಡ್ಕ್" ಎನ್ನುತ್ತಿದ್ದರು.

ಅದು ನಿಜವೆಂದು ಕೆಲಸ ಮಾಡುತ್ತ ಗೊತ್ತಾಯಿತು. ಅಂಟಿಸಿದ ಹಲಗೆಯನ್ನು ಎಳೆದಾಗ ಭಾರವೆಲ್ಲ ಎರಡು ತುದಿಗಳ ಮೇಲೆ ಬೀಳುತ್ತದೆ. ನಡುವಿನದು ಮದುವೆ ಮನೆಯ ನೆಂಟರ ಹಾಗೆ, ಇದ್ದೂ ಕೆಲಸ ಮಾಡುವುದಿಲ್ಲ. ಆದರೆ ತುದಿಯಲ್ಲೇ ಪೊಳ್ಳಿದ್ದರೆ ಆ ಭಾರ ಪಕ್ಕದ ಬೆರಳಗಲ ಅಂಟಿನ ಮೇಲೆ ಬೀಳುತ್ತದೆ. ಅದು ಸೋತರೆ ಅದರಾಚೆಯದು. ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ಮಳೆಗಾಲ. ಬೈಂದೂರು ಕಡೆ ನಮ್ಮ ಮನೆಯ ಫೈಬರ್ ನಾಡದೋಣಿಯ ಹಿಂಬದಿಗೆ, ಎಂಜಿನ್ ಕೂರುವಲ್ಲಿ, ಹೊಸ ಹಲಗೆ ಅಂಟಿಸಬೇಕಾಗಿತ್ತು. ದೋಣಿ ನಡೆಸುವವನು ನನ್ನ ಅಣ್ಣ. ಬ್ರಹ್ಮಾವರದಿಂದ ಒಳ್ಳೆಯ ಹಲಗೆಯನ್ನೇ ತಂದು ಅಂಟಿಸಿದೆ. ಅಂಟಿಸುವ ಮೊದಲು ಜಿಡ್ಡು ಹೋಗುವಂತೆ ಥಿನ್ನರ್ ಹಾಕಿ ಒರೆಸಬೇಕು. ಮೋಡ ಕವಿದಿತ್ತು, ಅವಸರವಿತ್ತು, ನಾನು ಒಣಬಟ್ಟೆಯಲ್ಲಿ ಒರೆಸಿ ಮುಗಿಸಿದೆ.

ಮೂರನೆಯ ದಿನ ನಾಣ್ಯ ಬಡಿದೆ. ಟಣ್, ಟಣ್. ಕೆಳಗಿನ ಎಡ ಅಂಚಿಗೆ ಬರುತ್ತಲೇ ಡಬ್. ಅಂಗೈಯಗಲ ಜಾಗ. ಮತ್ತೆ ಬಡಿದೆ, ಮತ್ತೆ ಡಬ್.

ಅಪ್ಪಯ್ಯ ಪಕ್ಕದಲ್ಲೇ ನಿಂತಿದ್ದರು. ಮರದ ದೋಣಿಗೆ ನಲವತ್ತು ವರ್ಷ ಮೀನೆಣ್ಣೆ ಹಚ್ಚಿ ಸಾಕಿದವರು. "ನೀ ಹಲಗಿ ಕೂರ್ಸುಕ್ ಮುಂಚೆ ಆ ಮೂಲಿಗ್ ಎಣ್ಣಿ ಹಚ್ಚಿದ್ದೆ ಮಗಾ. ಇನ್ನ್ ನೀರ್ ಒಳ್ಗ್ ಹೋತಿಲ್ಲೆ" ಎಂದು ನಕ್ಕರು.

ಎಣ್ಣೆಯ ಮೇಲೆ ಯಾವ ಅಂಟೂ ಹಿಡಿಯುವುದಿಲ್ಲ. ಹಲಗೆ ಕಿತ್ತು, ಕೆರೆದು, ಮತ್ತೆ ಅಂಟಿಸಿ ಒಣಗಿಸಲು ನಾಲ್ಕು ದಿನ ಬೇಕು. ಅಷ್ಟರಲ್ಲಿ ಅಣ್ಣ ಬಂದ. ಕಡಲಿನ ಅಬ್ಬರ ಇಳಿದಿತ್ತು, ಬೇರೆ ದೋಣಿಗಳೆಲ್ಲ ಹೊರಟಾಗಿತ್ತು.

"ಹ್ವಾಯ್, ಎಂತ, ಮುಗೀತಾ?"

ನನ್ನ ಕೆಲಸಕ್ಕೆ ಯಾರೂ ಬೆರಳು ತೋರಿಸಬಾರದೆಂಬ ಜಂಬ ನನಗೆ. "ಅಡ್ಡಿಲ್ಲೆ, ಹೋಯ್ಲಕ್ಕ್" ಎಂದೆ. ಅಂಚಿನ ಮೇಲೆ ಎರಡು ಸಲ ಬಣ್ಣ ಬಳಿದೆ.

ಒಂದು ವಾರ ಏನೂ ಆಗಲಿಲ್ಲ. ಅಣ್ಣ ದಿನವೂ ಬುಟ್ಟಿ ತುಂಬಿ ತಂದ, ಅತ್ತಿಗೆ ನನಗೇ ಮೊದಲು ಮೀನು ಬಡಿಸಿದಳು. ಎಂಜಿನ್ ಶಬ್ದ, ಹೊಳೆ ಕಡಲು ಸೇರುವ ಅಳಿವೆಯ ಕಡೆಯಿಂದ ಕೇಳುವವರೆಗೂ ನಾನು ದಂಡೆ ಬಿಟ್ಟು ಕದಲುತ್ತಿರಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎಂದುಕೊಂಡೇ ದಿನ ದೂಡಿದೆ.

ಎಂಟನೆಯ ದಿನ, ನಾನು ನೋಡುತ್ತಿದ್ದಂತೆಯೇ, ಅಳಿವೆಯ ಬಾಯಲ್ಲಿ ತೆರೆ ಹತ್ತುವಾಗ ಹಲಗೆ ಸಮೇತ ಎಂಜಿನ್ ಕಿತ್ತುಹೋಯಿತು. ದೋಣಿ ಅಡ್ಡ ತಿರುಗಿ ಮಗುಚಿತು. ದೋಣಿಯಲ್ಲಿದ್ದ ನಾಲ್ವರಲ್ಲಿ ಮೂವರು ಅಣ್ಣನನ್ನು ಎಳೆದುಕೊಂಡೇ ಈಜಿ ದಡ ಸೇರಿದರು. ಕಿತ್ತ ಎಂಜಿನ್ ಬಡಿದು ಅಣ್ಣನ ಮೊಣಕಾಲು ಒಡೆದಿತ್ತು.

ದಂಡೆಯಲ್ಲಿ ಜನ ಸೇರಿದರು. ಹಲಗೆ ಅಂಟಿಸಿದ್ದು ಯಾರು ಎಂದು ಯಾರೋ ಕೇಳಿದರು. ಎಲ್ಲರೂ ನನ್ನತ್ತ ತಿರುಗಿದರು.

"ಅಪ್ಪಯ್ಯ ಹಲಗಿ ಅಡಿಗ್ ಎಣ್ಣಿ ಹಚ್ಚಿದ್ರ್. ನಂಗ್ ಗೊತ್ತೇ ಇರ್ಲಿಲ್ಲೆ" ಎಂದೆ.

ಅಪ್ಪಯ್ಯ ನನ್ನ ಮುಖ ನೋಡಿದರು. ಎಣ್ಣೆಯ ವಿಷಯ ತಾವೇ ನನಗೆ ಹೇಳಿದ್ದು ಅವರಿಗೆ ಮರೆತಿರಲಿಲ್ಲ. ಆದರೂ ಅಣ್ಣನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, "ಹೌದ್ ಮಗಾ, ನನ್ ಕೈಯಂಗೇ ಆದ್ದ್" ಎಂದರು.

ಆಮೇಲೆ ಅವರು ಆರು ವರ್ಷ ಬದುಕಿದ್ದರು. ಅಣ್ಣ ಕುಂಟುತ್ತ ಅಂಗಳ ದಾಟುವಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದರು. ನಿಜ ಹೇಳಲು ನನಗೆ ಒಂದು ನಿಮಿಷ ಸಾಕಿತ್ತು. ಹೇಳಲಿಲ್ಲ. ಅಣ್ಣ ಇವತ್ತಿಗೂ ಅಪ್ಪಯ್ಯನದೇ ತಪ್ಪು ಎಂದುಕೊಂಡಿದ್ದಾನೆ.